ಪಕ್ಕದ ಬಾಗಿಲ ಬಳಿಯ ಕುರ್ಚಿ

ಮೊನ್ನೆ ಬೆಳಗಿನ ಬಿಸಿಲಿಗೆ ಜಗಲಿಯ ಮೇಲೆ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದೆ. ಅರವತ್ತು ದಾಟಿದ ಮೇಲೆ ಇದು ಸಣ್ಣ ಕೆಲಸವಲ್ಲ. ಹೊಟ್ಟೆ ಅಡ್ಡ ಬರುತ್ತದೆ, ಕನ್ನಡಕ ಜಾರುತ್ತದೆ, ಕಿರುಬೆರಳು ಪ್ರತಿವರ್ಷ ಸ್ವಲ್ಪ ದೂರ ಹೋಗುತ್ತದೆ. ಬಲಗಾಲು ಮುಗಿಸಿ ಉಸಿರು ಬಿಡುತ್ತಿದ್ದಾಗ ನನ್ನ ಹೆಂಡತಿ ತೆರೆಜಾ ಒಳಗಿನಿಂದ ಬಂದು ನಿಂತಳು.

"ಪವಿತ್ರ ಗುರುವಾರ ಕಳೆದು ತಿಂಗಳಾಯ್ತು. ಈಗ ಯಾರಿಗೆ ತೋರಿಸೂಕೆ ಈ ಅಲಂಕಾರ?" ಎಂದಳು.

ನಮ್ಮ ಮನೆಮಾತು ಕೊಂಕಣಿ. ನಿಮಗಾಗಿ ಕನ್ನಡ ಮಾಡಿದ್ದೇನೆ; ಮಾಡುವಾಗ ಮೊನಚು ಸ್ವಲ್ಪ ಕಡಿಮೆಯಾಗಿದೆ. ಹೊರಗಿನವರಿಗೆ ಉಗುರಿಗೂ ಪವಿತ್ರ ಗುರುವಾರಕ್ಕೂ ಏನು ಸಂಬಂಧ ಎಂದು ಗೊತ್ತಾಗುವುದಿಲ್ಲ. ಶಿರಸಿಯ ನಮ್ಮ ಇಗರ್ಜಿಯವರಿಗೆ, ಅಂದರೆ ಚರ್ಚಿನವರಿಗೆ, ಗೊತ್ತಾಗುತ್ತದೆ.

ಯೇಸುಸ್ವಾಮಿ ಸಾಯುವ ಹಿಂದಿನ ಸಂಜೆ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದವನು ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಹನ್ನೆರಡು ಮಂದಿಯ ಕಾಲು ತೊಳೆದ. ಗುರುವಾದವನು ಆಳಿನ ಕೆಲಸ ಮಾಡಿದ. ನಿಮ್ಮಲ್ಲಿ ದೊಡ್ಡವನಾಗಬೇಕೆನ್ನುವವನು ಉಳಿದವರ ಸೇವಕನಾಗಲಿ ಎಂದು ಮೊದಲೇ ಹೇಳಿಯೂ ಇದ್ದ. ಅದರ ನೆನಪಿಗೆ ಈಸ್ಟರಿನ ಹಿಂದಿನ ಗುರುವಾರ ನಮ್ಮ ಪಾದ್ರಿಗಳು ಪೀಠದ ಮುಂದೆ ಹನ್ನೆರಡು ಜನರನ್ನು ಕೂರಿಸಿ ಅವರ ಬಲಗಾಲನ್ನು ತೊಳೆದು, ಒರೆಸಿ, ಮುತ್ತಿಡುತ್ತಾರೆ. ದೊಡ್ಡವರು ಸಣ್ಣವರಾಗುವ ದಿನ ಅದು. ಉಳಿದ ನಾವೆಲ್ಲ ಆ ದಿನವನ್ನು ದೊಡ್ಡವರಾಗಲು ಉಪಯೋಗಿಸಿಕೊಂಡಿದ್ದೇವೆ. ಆ ಹನ್ನೆರಡರಲ್ಲಿ ಒಬ್ಬರಾಗಲಿಕ್ಕೆ ನಮ್ಮಲ್ಲಿ ನಡೆಯುವ ಓಡಾಟ ಪಂಚಾಯ್ತಿ ಚುನಾವಣೆಗೂ ನಡೆಯುವುದಿಲ್ಲ.

ಕಾಲು ತೊಳೆಸಿಕೊಳ್ಳಲು ಹೋಗುವವರು ಮನೆಯಲ್ಲೇ ಕಾಲು ತೊಳೆದುಕೊಂಡು ಹೋಗುವುದು ನಮ್ಮ ಪದ್ಧತಿ. ಬರೀ ತೊಳೆಯುವುದಲ್ಲ. ಕಲ್ಲಿನಿಂದ ಹಿಮ್ಮಡಿ ತಿಕ್ಕುತ್ತಾರೆ, ಎಣ್ಣೆ ಹಚ್ಚುತ್ತಾರೆ, ಪೌಡರ್ ಹಾಕಿದವರೂ ಇದ್ದಾರೆ. ಬೇಕರಿ ಇಟ್ಟಿರುವ ನಮ್ಮ ಅಲೆಕ್ಸ್ ಒಂದು ವಾರ ಮೊದಲಿನಿಂದಲೇ ಬಿಸಿನೀರಿಗೆ ಉಪ್ಪು ಹಾಕಿ ಬಲಗಾಲು ನೆನೆಸುತ್ತಾನೆ ಎಂದು ಅವನ ಹೆಂಡತಿಯೇ ತೆರೆಜಾಗೆ ಹೇಳಿದ್ದಾಳೆ. ಅವನ ಬಿಸ್ಕತ್ತಿಗೆ ಅಷ್ಟು ಮುತುವರ್ಜಿ ಇಲ್ಲ. ಒಟ್ಟಿನಲ್ಲಿ ಪಾದ್ರಿಗಳು ಬಗ್ಗುವ ಹೊತ್ತಿಗೆ ಅವರಿಗೆ ತೊಳೆಯಲು ಏನೂ ಉಳಿದಿರುವುದಿಲ್ಲ. ಆದರೂ ಪಾಪ, ತೊಳೆಯುತ್ತಾರೆ.

ಇನ್ನು ಕುರ್ಚಿಗಳ ವಿಷಯ. ಮಾತೆ ಮರಿಯಮ್ಮನ ಪ್ರತಿಮೆಯ ಕೆಳಗೆ ಮೊದಲನೇ ಕುರ್ಚಿ. ಅಲ್ಲಿಂದ ಸಾಲಾಗಿ ಬಂದು ಪಕ್ಕದ ಬಾಗಿಲ ಬಳಿ ಹನ್ನೆರಡನೆಯದು. ಮೊದಲನೆಯದು ಪೇತ್ರನ ಕುರ್ಚಿ, ಅಂದರೆ ಶಿಷ್ಯರ ಹಿರಿಯನದ್ದು. ಕೊನೆಯದು ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನೇ ಹಿಡಿದುಕೊಟ್ಟ ಯೂದನದ್ದು. ಹೀಗೆಂದು ರೋಮಿನ ಪೋಪರು ಬರೆದಿಲ್ಲ, ನಮ್ಮ ಬಿಷಪ್ಪರು ಹೇಳಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಆದರೆ ನಮ್ಮ ಇಗರ್ಜಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹಿಂದೆ ಯಾವಾಗಲೋ ಆ ಕುರ್ಚಿಯಲ್ಲಿ ಕೂತ ವರ್ಷವೇ ಒಬ್ಬರ ಎಮ್ಮೆ ಸತ್ತಿತ್ತಂತೆ, ಇನ್ನೊಬ್ಬರ ಮಗ ಮೆಟ್ರಿಕ್ ಫೇಲಾಗಿದ್ದನಂತೆ. ಎಮ್ಮೆಗೆ ವಯಸ್ಸಾಗಿತ್ತು, ಹುಡುಗ ಪುಸ್ತಕ ತೆರೆದಿರಲಿಲ್ಲ. ಅದನ್ನೆಲ್ಲ ಯಾರು ಕೇಳುತ್ತಾರೆ?

ನನಗೆ ಬುದ್ಧಿ ತಿಳಿದಾಗಿನಿಂದ ಆ ಹನ್ನೆರಡನೇ ಕುರ್ಚಿಯಲ್ಲಿ ಕೂರುತ್ತಿದ್ದವನು ನನ್ನ ಅಪ್ಪ.

ಅಪ್ಪನ ಹೆಸರು ಬಸ್ತಿಯಾಂವ್. ಮಳೆಗಾಲಕ್ಕೆ ಮುಂಚೆ ಊರವರ ಮನೆಯ ಮಾಡು ಹತ್ತಿ ಹಂಚು ಕೈಯಾಡಿಸುವುದು ಅವನ ಕೆಲಸ. ಒಡೆದದ್ದನ್ನು ತೆಗೆಯುವುದು, ಜಾರಿದ್ದನ್ನು ಸರಿಸುವುದು, ಹೊಸದನ್ನು ಕೂರಿಸುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ದೊಡ್ಡ ಮನುಷ್ಯರ ತಲೆಯ ಮೇಲೆ ಕೂತು ಬಂದವನು. ಕೆಳಗಿಳಿದರೆ ಮಾತ್ರ ಅವನಿಗೆ ಎಲ್ಲಿ ಕೂರಬೇಕೆಂದು ಗೊತ್ತಾಗುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಕೈತೊಳೆಯುವ ಜಾಗದ ಹತ್ತಿರ ನಿಂತಿರುತ್ತಿದ್ದ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದ, ಯಾರಾದರೂ ಬರಬಹುದು ಎಂದು. ಯಲ್ಲಾಪುರದಿಂದ ಶಿರಸಿಯವರೆಗೆ ಯಾರೂ ಬಾರದೆ ಹಾಗೇ ನಿಂತು ಬಂದದ್ದೂ ಉಂಟು.

ಇಗರ್ಜಿಯ ಧರ್ಮೋಪದೇಶದ ಕ್ಲಾಸಿನಲ್ಲಿ ಹುಡುಗರು ನನ್ನನ್ನು, "ಏ ಸಿಲ್ಲು, ನಿನ್ನ ಅಪ್ಪ ಆ ಬೆಳ್ಳಿ ನಾಣ್ಯ ಎಲ್ಲಿಟ್ಟಿದ್ದಾನಾ?" ಎಂದು ಕೇಳುತ್ತಿದ್ದರು. ನಾನು ಸಿಲ್ವೆಸ್ಟರ್. ಹೆಸರು ಚಿಕ್ಕದಾದಷ್ಟು ಅವಮಾನ ದೊಡ್ಡದಾಗಿ ಕೇಳುತ್ತದೆ. ಮನೆಗೆ ಬಂದು ಅತ್ತರೆ ಅಮ್ಮ ಅಪ್ಪನ ಮೇಲೆ ಹರಿಹಾಯುತ್ತಿದ್ದಳು. "ಎಲ್ಲರ ಹಾಗೆ ಮುಂದೆ ಹೋಗಿ ಕೂರೂಕೆ ನಿಮಗೆ ಎಂತ ಧಾಡಿ?"

"ಊಟ ಹಾಕು" ಎನ್ನುತ್ತಿದ್ದ ಅಪ್ಪ.

ಈ ಪ್ರಶ್ನೆಗೆ ಅದೇ ಉತ್ತರ. ನಾವು ಅದನ್ನು ದಡ್ಡತನ ಎಂದುಕೊಂಡೆವು. ಅಮ್ಮ ಕಡೆಯವರೆಗೂ ಹಾಗೆಯೇ ಅಂದುಕೊಂಡಿದ್ದಳು. ನಾನಂತೂ ಹನ್ನೆರಡು ವರ್ಷದವನಿದ್ದಾಗಿನಿಂದ ಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ ಮೂತ್ರಕ್ಕೆ ಎಂದು ಎದ್ದು ಹೋಗಿ ಹಿಂದಿನ ಬಾವಿಕಟ್ಟೆಯ ಹತ್ತಿರ ನಿಲ್ಲುತ್ತಿದ್ದೆ. ಒಳಗೆ ಹಾಡು ಮುಗಿದ ಮೇಲೆ ಬರುತ್ತಿದ್ದೆ. ಒಂದು ದಿನ ನಾನು ಮೊದಲನೇ ಕುರ್ಚಿಯಲ್ಲಿ ಕೂರಬೇಕು, ಅಪ್ಪನ ಹನ್ನೆರಡನ್ನು ನನ್ನ ಒಂದರಿಂದ ಒರೆಸಿಹಾಕಬೇಕು ಎಂದು ತೀರ್ಮಾನ ಮಾಡಿದ್ದು ಆ ಬಾವಿಕಟ್ಟೆಯ ಬಳಿ. ಜೀವನದಲ್ಲಿ ಇನ್ನಾವ ತೀರ್ಮಾನವನ್ನೂ ನಾನು ಇಷ್ಟು ವರ್ಷ ಹಿಡಿದಿಟ್ಟುಕೊಂಡಿಲ್ಲ. ಸಿಗರೇಟು ಬಿಡುವ ತೀರ್ಮಾನ ಏಳು ಸಲ ಮಾಡಿದ್ದೇನೆ.

ಮುಂದೆ ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆದೆ. ಅಧಿಕಾರ ಎಂದರೆ ಏನೆಂದು ತಿಳಿಯಬೇಕಾದರೆ ನಿಮ್ಮ ಕುತ್ತಿಗೆಯಲ್ಲಿ ಒಂದು ಸೀಟಿ ಇರಬೇಕು. ಮಂತ್ರಿಗಳಿಗೆ ಜನ ಕೈಮುಗಿಯುತ್ತಾರೆ ನಿಜ, ಆದರೆ ಅವರು ಊದಿದರೆ ಬಸ್ಸು ಹೊರಡುವುದಿಲ್ಲ. ನಾನು ಊದಿದರೆ ಹೊರಡುತ್ತಿತ್ತು. ಮೇಲಾಗಿ ಮೈಕು. "ಪ್ರಯಾಣಿಕರ ಗಮನಕ್ಕೆ" ಎಂದು ಹೇಳಿ ನಾನು ಎರಡು ಕ್ಷಣ ಸುಮ್ಮನಿರುತ್ತಿದ್ದೆ. ಆ ಎರಡು ಕ್ಷಣ ಇಡೀ ಸ್ಟ್ಯಾಂಡು ತಲೆಯೆತ್ತಿ ನನ್ನ ಕಡೆ ನೋಡುತ್ತಿತ್ತು. ಬಸ್ಸಿನ ಹೆಸರನ್ನು ಒಡನೆ ಹೇಳಿಬಿಟ್ಟರೆ ಆ ಸುಖ ಸಿಗುವುದಿಲ್ಲ. ಮನೆಯಲ್ಲಿಯೂ ಆ ಅಭ್ಯಾಸ ಉಳಿದುಬಿಟ್ಟು, ಚಹಾ ಬೇಕಾದರೆ ಮೊದಲು ಕೆಮ್ಮಿ, ಎರಡು ಕ್ಷಣ ಬಿಟ್ಟು ಕೇಳುತ್ತಿದ್ದೆ. ತೆರೆಜಾ ಬೇಕಂತಲೇ ಮೂರನೇ ಕ್ಷಣದಲ್ಲಿ ಮಿಕ್ಸರ್ ಹಾಕುತ್ತಿದ್ದಳು.

ಸೀಟಿಯನ್ನು ಒಪ್ಪಿಸಿ ನಿವೃತ್ತನಾದ ಮೇಲೆ ಮನುಷ್ಯನಿಗೆ ಏನಾದರೂ ಬೇಕಾಗುತ್ತದೆ. ನಾನು ಇಗರ್ಜಿಯ ಸಮಿತಿಗೆ ಕಾರ್ಯದರ್ಶಿಯಾದೆ. ಅಷ್ಟು ಹೊತ್ತಿಗೆ ಅಪ್ಪ ಹೋಗಿ ಎಂಟು ವರ್ಷವಾಗಿತ್ತು. ಮೊಣಕಾಲು ಪೂರ್ತಿ ಸೋಲುವವರೆಗೂ ಅವನು ಆ ಕುರ್ಚಿಯನ್ನು ಬಿಟ್ಟಿರಲಿಲ್ಲ. ಅವನ ನಂತರ ನಾವು ಅಲ್ಲಿಗೆ ಊರಿಗೆ ಹೊಸದಾಗಿ ವರ್ಗವಾಗಿ ಬಂದವರನ್ನು ಕೂರಿಸುತ್ತಿದ್ದೆವು. ಬ್ಯಾಂಕಿನವರು, ನರ್ಸಿಂಗ್ ಕಲಿಸುವವರು, ಹೀಗೆ. ಅವರಿಗೆ ಏನೂ ಗೊತ್ತಿರಲಿಲ್ಲ. ಬಂದ ವರ್ಷವೇ ಕರೆದು ಕೂರಿಸಿದರಲ್ಲ, ಎಂಥ ಒಳ್ಳೆಯ ಜನ ಎಂದು ಸಂತೋಷಪಡುತ್ತಿದ್ದರು.

ಹೋದ ವರ್ಷ ನಮಗೆ ಹೊಸ ಪಾದ್ರಿ ಬಂದರು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. "ಹನ್ನೆರಡು ಜನರ ಪಟ್ಟಿ ನೀವೇ ಮಾಡಿಬಿಡಿ ಸಿಲ್ವೆಸ್ಟರ್ ಬಾಬ್" ಎಂದರು. ಬಾಬ್ ಎಂದರೆ ನಮ್ಮ ಕೊಂಕಣಿಯಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಪಟ್ಟಿ ಎಂಬ ಮಾತು ಕೇಳಿದ್ದೇ ನನ್ನಲ್ಲಿ ಮಲಗಿದ್ದ ಕಂಟ್ರೋಲರ್ ಎದ್ದು ಕೂತ. ಡ್ಯೂಟಿ ಚಾರ್ಟಿನ ಹಾಗೆ ಗೆರೆ ಎಳೆದು, ಕ್ರಮ ಸಂಖ್ಯೆ, ಹೆಸರು, ಹಾಜರಾಗಬೇಕಾದ ಸಮಯ ಎಲ್ಲ ಹಾಕಿದೆ. ಕ್ರಮ ಸಂಖ್ಯೆ ಒಂದು: ಸಿಲ್ವೆಸ್ಟರ್. ಒಂಬತ್ತು ವರ್ಷದಿಂದ ಮೊದಲನೇ ಕುರ್ಚಿಯಲ್ಲಿ ಕೂರುತ್ತಿದ್ದ ಬೇಕರಿ ಅಲೆಕ್ಸನನ್ನು ಎರಡಕ್ಕೆ ಇಳಿಸಿದೆ. ಪಟ್ಟಿಯನ್ನು ವಾಟ್ಸಾಪಿಗೆ ಹಾಕಿದೆ. ಅಲೆಕ್ಸ್ ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿ, ಹತ್ತು ನಿಮಿಷದಲ್ಲಿ ನಮ್ಮ ಮನೆಗೆ ಬಂದ.

"ಇಗರ್ಜಿ ಮೈಕ್ ಸೆಟ್ ಯಾರು ಕೊಟ್ಟಿದ್ದು?" ಎಂದ.

"ನೀನೇ."

"ಹಂಗಾರೆ ಮೊದಲನೇ ಕುರ್ಚಿ ಯಾರದ್ದು?"

"ಪೇತ್ರನದ್ದು" ಎಂದೆ. "ಪೇತ್ರ ಮೈಕ್ ಕೊಟ್ಟಿರಲಿಲ್ಲ."

ಅಲೆಕ್ಸ್ ಚಹಾ ಕುಡಿಯದೆ ಹೋದ. ನಮ್ಮ ನಡುವೆ ಅದು ಯುದ್ಧ ಘೋಷಣೆಯೇ ಸರಿ. ನನಗೆ ಅಂದು ರಾತ್ರಿ ಒಳ್ಳೆಯ ನಿದ್ರೆ ಬಂತು.

ತೊಂದರೆ ಬಂದದ್ದು ಹನ್ನೆರಡನೇ ಸಂಖ್ಯೆಯಲ್ಲಿ. ಆ ವರ್ಷ ಊರಿಗೆ ಹೊಸಬರು ಯಾರೂ ಬಂದಿರಲಿಲ್ಲ. ಹಳಬರನ್ನು ಕೇಳಿದರೆ ಒಬ್ಬೊಬ್ಬರಿಗೂ ಆ ಗುರುವಾರವೇ ಸೊಂಟ ಹಿಡಿಯುವುದಿತ್ತು. ಎರಡು ದಿನ ಉಳಿದಾಗ ನನಗೆ ಜಾಕಿಯ ನೆನಪಾಯಿತು. ಅಪ್ಪನ ಜೊತೆ ಹಂಚಿನ ಕೆಲಸ ಕಲಿತವನು, ಮನೆ ಕಾನಸೂರಿನಲ್ಲಿ. ಬೈಕು ಹತ್ತಿ ಅಲ್ಲಿಗೆ ಹೋದರೆ ಅವನ ಹೆಂಡತಿ, "ಅವರು ದೊಡ್ಮನೆಲಿ, ಹೆಗಡೇರ ಮನೆ ಮಾಡಿನ ಮೇಲೆ ಇದ್ದಾರೆ" ಎಂದಳು. ಸಿದ್ದಾಪುರ ದಾಟಿ ದೊಡ್ಮನೆ ಎಂಬ ಆ ಊರಿಗೆ ಹೋದೆ. ಜಾಕಿ ಮೇಲೆಯೇ ಇದ್ದ. ನಾನು ಅಂಗಳದಲ್ಲಿ ನಿಂತು ಕತ್ತೆತ್ತಿ ವಿಷಯ ಹೇಳಿದೆ.

"ಮಗಳಿಗೆ ಸಂಬಂಧ ನೋಡ್ತಾ ಉಂಟು ಸಿಲ್ಲು ಬಾಬ್. ಈ ವರ್ಷ ಆ ಕುರ್ಚಿ ಬ್ಯಾಡ" ಎಂದ ಮೇಲಿನಿಂದ. ಬೇರೆ ಯಾವ ಕುರ್ಚಿಯಾದರೂ ಅಡ್ಡಿಯಿಲ್ಲ ಎಂದೂ ಸೇರಿಸಿದ.

ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಹೆಗಡೇರು ಇದನ್ನೆಲ್ಲ ಕೇಳಿಸಿಕೊಂಡು ನಕ್ಕರು. ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಮಾತ್ರ ಇಪ್ಪತ್ತರದ್ದು. "ಬಾರಾ ತಮಾ, ಮೇಲೆ ಬಾ, ಕುತ್ಗ" ಎಂದು ತಮ್ಮ ಹವ್ಯಕ ಮಾತಿನಲ್ಲಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಬಂದದ್ದನ್ನು ತಿಳಿಸಲು ಒಳಗೆ ತಿರುಗಿ, "ಇದಾ, ನಮ್ಮ ಬಸ್ತಿಯಾಂವನ ಮಗ ಬೈಂದ. ಚಾ ಮಾಡು" ಎಂದರು. ಆಮೇಲೆ ನನ್ನ ಕಡೆ ನೋಡಿ, "ನಮ್ಮ ಮಾಡಿನ ಮೇಲೆ ಕೂತು ಇಗರ್ಜಿಗೆ 'ಆಗೂದಿಲ್ಲ' ಹೇಳಿದ್ದು ಇವನೊಬ್ಬನೇ ಅಲ್ಲ. ನಿನ್ನ ಅಪ್ಪನೂ ಹೇಳಿದ್ದ, ಗೊತ್ತಿದ್ದಾ?" ಎಂದರು.

ಗೊತ್ತಿರಲಿಲ್ಲ.

"ಅವತ್ತು ನಿಮ್ಮ ಪಾದ್ರಿಗಳೇ ಇಲ್ಲಿಗೆ ಬಂದಿದ್ರು. ದೊಡ್ಡ ಗಡ್ಡದವರು. ನಿನ್ನ ಅಪ್ಪ ಅಲ್ಲಿ, ನೆತ್ತಿ ಮೇಲೆ ಕೂತಿದ್ದ. ಇವ್ರು ನೀ ನಿಂತಿದ್ದಲ್ಲೇ ನಿಂತು ಹೇಳಿದ್ರು, 'ಬಸ್ತಿಯಾಂವ್, ಈ ಸಲ ಸಮಿತಿಗೆ ನೀನೇ ಮುಖ್ಯಸ್ಥ, ಜನ ಎಲ್ಲ ಒಪ್ಪಿದ್ದಾರೆ. ಗುರುವಾರ ಮೊದಲನೇ ಕುರ್ಚಿಲಿ ಕೂತ್ಕೋ' ಅಂತ. ಇಂವ ಎಂತ ಹೇಳಿದ ಗೊತ್ತಿದ್ದಾ? 'ಮೊದಲನೇದಕ್ಕೆ ಜನ ಸಿಗ್ತಾರೆ ಫಾದರ್. ಕಡೇದಕ್ಕೆ ಸಿಗೂದಿಲ್ಲ. ನಾನು ಎದ್ದು ಹೋದ್ರೆ ಅಷ್ಟು ಜನರೆದುರು ನೀವು ಬಟ್ಟೆ ಹಿಡಕಂಡು ಖಾಲಿ ಕುರ್ಚಿ ಮುಂದೆ ನಿಲ್ಲಬೇಕಾಗ್ತದೆ' ಅಂದ. ಅಂದು, ಹಂಚು ಎತ್ತಿ ಕೊಡೂಕೆ ಹೇಳಿದ. ಪಾದ್ರಿಗಳು ಜಗಲಿಗೆ ಹತ್ತಿದ್ರು. ಆಮೇಲೆ ಚಾ ಕುಡಿದು ಹೋದ್ರು."

ಹೆಗಡೇರು ಅಡಿಕೆಯ ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಆನೂ ಬೈದೆ ಅವಂಗೆ. 'ಹೋಗಾ ಮಾರಾಯಾ, ಮುಂದೆ ಕುತ್ಗ. ನಿನ್ನ ಮಗ ನಾಚಿಕೆಗೆ ಹೊರಗೆ ಹೋಗಿ ನಿಲ್ತ ಹೇಳಿ ನೀನೇ ಹೇಳ್ತೆ. ಅವಂಗಾದ್ರೂ ಖುಷಿ ಆಗ್ತು' ಅಂದೆ. ಅದಕ್ಕೆ, 'ಹುಡುಗ ದೊಡ್ಡವ ಆಗ್ತಾನೆ ಹೆಗಡೇರೆ. ಆಗ ಅವನೇ ಕೇಳ್ತಾನೆ. ಕೇಳಿದಾಗ ಹೇಳ್ತೇನೆ' ಅಂದ." ಅವರು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹೇಳಿದ್ನನಾ?"

"ಚಾ ಚಲೋ ಆಗಿದೆ" ಎಂದೆ.

ಚಹಾ ಇನ್ನೂ ಬಂದಿರಲಿಲ್ಲ.

ವಾಪಸು ಬರುವಾಗ ಕಾನಸೂರಿನಾಚೆ ಬೈಕು ನಿಲ್ಲಿಸಿ ಅತ್ತೆ. ಕಣ್ಣಿಗೆ ಧೂಳು ಬಿತ್ತು ಎಂದು ಬರೆಯಬಹುದಿತ್ತು, ಆದರೆ ಹೆಲ್ಮೆಟ್ಟಿನ ಗಾಜು ಮುಚ್ಚಿತ್ತು. ನಾನು ಬಾವಿಕಟ್ಟೆಯ ಬಳಿ ನಿಲ್ಲುತ್ತಿದ್ದದ್ದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ವರ್ಷ ಆ ಕುರ್ಚಿಯಲ್ಲಿ ಕೂತು, ಆಮೇಲೆ ಮನೆಗೆ ಬಂದು ನಾವು ಬೈಯುವಾಗ ಊಟ ಹಾಕು ಎನ್ನುತ್ತಿದ್ದ. ಇಷ್ಟೂ ವರ್ಷ ನಾನು ಒರೆಸಿಹಾಕಲು ನೋಡಿದ್ದು ಏನನ್ನು?

ಮನೆಗೆ ಬಂದು ಪಟ್ಟಿ ತೆಗೆದು ಕ್ರಮ ಸಂಖ್ಯೆ ಒಂದಕ್ಕೆ ಅಲೆಕ್ಸನ ಹೆಸರು ಬರೆದೆ. ಹನ್ನೆರಡಕ್ಕೆ ನನ್ನದು. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಒಳ್ಳೆಯ ಮನುಷ್ಯ ಎಂದು ನೀವು ಪುಸ್ತಕ ಮಡಿಸಿಡಬಹುದಿತ್ತು.

ಗುರುವಾರ ಸಂಜೆ ಹೆಸರು ಓದುವ ಕೆಲಸವೂ ಕಾರ್ಯದರ್ಶಿಯಾದ ನನ್ನದೇ. ಅಲೆಕ್ಸ್ ಕೊಟ್ಟ ಮೈಕು. ಹನ್ನೊಂದು ಹೆಸರುಗಳನ್ನು ಲೋಕಲ್ ಬಸ್ಸಿನ ಹಾಗೆ ಓದಿ ಮುಗಿಸಿದೆ. "ಹನ್ನೆರಡನೆಯದಾಗಿ" ಎಂದು ಹೇಳಿ ಎರಡು ಕ್ಷಣ ಸುಮ್ಮನಿದ್ದೆ. ಇಡೀ ಇಗರ್ಜಿ ತಲೆಯೆತ್ತಿತು. ಆಮೇಲೆ ನನ್ನ ಹೆಸರು ಹೇಳಿ, ನಿಧಾನವಾಗಿ ನಡೆದು ಹೋಗಿ, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದು, ಕೂತೆ. ಹಿಂದಿನಿಂದ ಯಾರೋ "ಅರೆ" ಎಂದದ್ದು ಕೇಳಿಸಿತು. ಪಾದ್ರಿಗಳು ಬಲಿಪೂಜೆಯ ಕೊನೆಯಲ್ಲಿ ದೀನತೆಯ ಬಗ್ಗೆ ಎರಡು ಮಾತು ಹೇಳಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನೆಲ ನೋಡುತ್ತಿರುವುದು ಎಲ್ಲರಿಗೂ ಕಾಣುವ ಹಾಗೆ ನೋಡಿದೆ. ಹೊರಗೆ ಬಂದಾಗ ಹತ್ತು ಜನ ಕೈಕುಲುಕಿದರು. ಅಲೆಕ್ಸ್ ಒಬ್ಬನೇ ಒಳಗೆ ಮೊದಲನೇ ಕುರ್ಚಿಯ ಹತ್ತಿರ ನಿಂತು ಚಪ್ಪಲಿ ಹುಡುಕುತ್ತಿದ್ದ.

ದಾರಿಯಲ್ಲಿ ತೆರೆಜಾಳನ್ನು, "ಹೇಗಿತ್ತು?" ಎಂದು ಕೇಳಿದೆ.

"ಮಾಮ ಕೂರುವಾಗ ಕುರ್ಚಿ ಸದ್ದಾಗ್ತಿರಲಿಲ್ಲ" ಎಂದಳು. ಮಾಮ ಎಂದರೆ ನನ್ನ ಅಪ್ಪ, ಅವಳ ಮಾವ.

ಆ ವರ್ಷವಿಡೀ ನಾನು ದೀನನಾಗಿ ಓಡಾಡಿದೆ. ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಯಾರಾದರೂ ಮುಂದೆ ಕರೆಯುವವರೆಗೆ ಕಾಯುತ್ತಿದ್ದೆ. ಕರೆಯಲು ತಡವಾದರೆ ಕೆಮ್ಮುತ್ತಿದ್ದೆ.

ಈ ವರ್ಷ ಬೂದಿ ಬುಧವಾರ, ಅಂದರೆ ಹಣೆಗೆ ಬೂದಿ ಹಚ್ಚಿಸಿಕೊಂಡು ಈಸ್ಟರಿನ ಮುಂಚಿನ ಉಪವಾಸ ಶುರು ಮಾಡುವ ದಿನವೇ, ಅಲೆಕ್ಸ್ ಹಣೆಯ ಬೂದಿ ಆರುವ ಮುಂಚೆ ಪಾದ್ರಿಗಳ ಮನೆಗೆ ಹೋಗಿ ತನಗೆ ಹನ್ನೆರಡನೇ ಕುರ್ಚಿ ಬೇಕೆಂದು ಕೇಳಿದ. ವಾರದೊಳಗೆ ಇನ್ನೂ ಆರು ಜನ ಅದನ್ನೇ ಕೇಳಿದರು. ಸೊಂಟ ಹಿಡಿದವರೆಲ್ಲರ ಸೊಂಟವೂ ವಾಸಿಯಾಗಿತ್ತು. ಜಾಕಿಯೂ ಫೋನು ಮಾಡಿದ. ಮಗಳ ಮದುವೆ ಮುಗಿದಿತ್ತು. ಸತ್ತ ಎಮ್ಮೆಯ ಮಾತು ಯಾರ ಬಾಯಲ್ಲೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಾನೂ ಪಾದ್ರಿಗಳಲ್ಲಿಗೆ ಹೋಗಿ, "ಫಾದರ್, ಅದು ನಮ್ಮ ಮನೆತನದ ಕುರ್ಚಿ. ಅಪ್ಪನ ಕಾಲದಿಂದ ಬಂದದ್ದು" ಎಂದೆ. ಜಮೀನಿನ ಪಹಣಿ ಕೇಳಲು ಹೋದವನ ಹಾಗೆ ಹೇಳಿದೆ.

ಪಾದ್ರಿಗಳು ನಗು ತಡೆದುಕೊಂಡರು. ಆಮೇಲೆ, "ಈ ಸಲ ಪಟ್ಟಿ ಬೇಡ ಬಾಬ್. ಹನ್ನೆರಡು ಕುರ್ಚಿ ಹಾಕುವಾ. ಬಂದವರು ಕೂ‍ತ್ಕೊಳ್ಳಲಿ" ಎಂದರು.

ನನಗೆ ಅವಮಾನವಾಯಿತು. ನಾನು ಯಾವ ಕುರ್ಚಿಗೂ ಹೋಗುವುದಿಲ್ಲ ಎಂದು ತೆರೆಜಾಗೆ ಹೇಳಿದೆ. ಅವಳು ಸರಿ ಎಂದಳು. ಒಂದು ಸಲವಾದರೂ, ಹಾಗೆ ಮಾಡಬೇಡಿ, ಹೋಗಿ ಎನ್ನಬಹುದಿತ್ತು.

ಗುರುವಾರ ಬಲಿಪೂಜೆ ಆರು ಗಂಟೆಗೆ. ಅಲೆಕ್ಸ್ ನಾಲ್ಕಕ್ಕೇ ಬಂದು ಹನ್ನೆರಡನೇ ಕುರ್ಚಿಯಲ್ಲಿ ಕೂತಿದ್ದ. ಬೇಕರಿಗೆ ಮಗನನ್ನು ಕೂರಿಸಿ ಬಂದಿದ್ದನಂತೆ. ಆಮೇಲೆ ಬಂದವರು ಹನ್ನೊಂದು, ಹತ್ತು, ಒಂಬತ್ತು ಎಂದು ಹಿಂದಿನಿಂದ ಮುಂದಕ್ಕೆ ತುಂಬಿದರು. ಎಲ್ಲರ ಮುಖದಲ್ಲೂ ದೀನತೆ. ಎರಡನೇ ಕುರ್ಚಿಗೆ ಸಿಕ್ಕಿಬಿದ್ದವನಂತೂ ಆ ಕಡೆ ಈ ಕಡೆ ನೋಡುತ್ತ ಕುರ್ಚಿಯ ತುದಿಯಲ್ಲಿ ಕೂತಿದ್ದ. ಪೇತ್ರನ ಕುರ್ಚಿ ಮಾತ್ರ ಖಾಲಿ. ಅದರಲ್ಲಿ ಕೂತರೆ ದೊಡ್ಡಸ್ತಿಕೆಯವನು ಎಂದಾಗುತ್ತದೆ, ಯಾರು ಕೂರುತ್ತಾರೆ? ನಾನು ನಾಲ್ಕನೇ ಸಾಲಿನ ಬೆಂಚಿನಲ್ಲಿ ತೆರೆಜಾಳ ಪಕ್ಕ ಮುಖ ಊದಿಸಿಕೊಂಡು ಕೂತಿದ್ದೆ.

ಬೈಬಲ್ ವಾಚನ ಮುಗಿಯಿತು. ಪಾದ್ರಿಗಳು ಮೇಲಿನ ನಿಲುವಂಗಿ ತೆಗೆದರು, ಸೊಂಟಕ್ಕೆ ಬಿಳಿ ಬಟ್ಟೆ ಕಟ್ಟಿದರು, ಹೂಜಿ ಹಿಡಿದು ಮೊದಲನೇ ಕುರ್ಚಿಯ ಹತ್ತಿರ ಬಂದರು. ಅಲ್ಲಿ ಯಾರೂ ಇರಲಿಲ್ಲ. ಅವರು ನಿಂತರು.

ಹನ್ನೊಂದು ಜನ ಮನೆಯಲ್ಲೇ ತೊಳೆದು ತಂದ ತಮ್ಮ ತಮ್ಮ ಬಲಗಾಲನ್ನು ನೋಡಿಕೊಳ್ಳುತ್ತಿದ್ದರು. ಹಾಡುವವರು ಹಾಡಿನ ಮೊದಲ ಸಾಲು ಹಾಡಿ, ಏನೋ ಎಡವಟ್ಟಾಗಿದೆ ಎಂದು ತಿಳಿದು ನಿಲ್ಲಿಸಿದರು. ಫ್ಯಾನಿನ ಸದ್ದು ಕೇಳುತ್ತಿತ್ತು. ಆ ಮೆತ್ತಗಿನ ಹುಡುಗ ಪಾದ್ರಿ, ಬೆವರುತ್ತ, ಐನೂರು ಜನರೆದುರು ಬಟ್ಟೆ ಕಟ್ಟಿಕೊಂಡು ಖಾಲಿ ಕುರ್ಚಿಯ ಮುಂದೆ ನಿಂತಿದ್ದರು. ಅವರ ಕಿವಿ ಕೆಂಪಗಾಗಿತ್ತು.

ನಾನು ಎದ್ದೆ. ಎದ್ದಮೇಲೆಯೇ ನನಗೆ ಉಳಿದದ್ದು ಹೊಳೆದದ್ದು. ಈಗ ಹೋಗಿ ಅಲ್ಲಿ ಕೂತರೆ ನನ್ನ ಹೋದ ವರ್ಷದ ಹೆಸರು ಹೋಯಿತು. ಕಂಟ್ರೋಲರ್ ಕಡೆಗೂ ತನ್ನ ಬುದ್ಧಿ ತೋರಿಸಿದ, ಹೊಂಚು ಹಾಕಿ ಮೊದಲನೆಯದನ್ನೇ ಹೊಡೆದ ಎನ್ನುತ್ತಾರೆ. ಮುಂದಿನ ಈಸ್ಟರಿನವರೆಗೂ ಎನ್ನುತ್ತಾರೆ. ಅಲೆಕ್ಸನ ಬೇಕರಿಯಲ್ಲಿ ಬನ್ನಿನ ಜೊತೆ ಇದನ್ನೂ ಕಟ್ಟಿ ಕೊಡುತ್ತಾರೆ. ಕೂತುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು, ನನ್ನ ಬೆಂಚಿನಲ್ಲಿಯೇ. ಪಾದ್ರಿಗಳು ಹೂಜಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಹೂಜಿ ಭಾರವಿತ್ತು.

ನಾನು ಹೋಗಿ ಮೊದಲನೇ ಕುರ್ಚಿಯಲ್ಲಿ ಕೂತು ಚಪ್ಪಲಿ ಬಿಟ್ಟೆ.

ಐವತ್ತು ವರ್ಷದಿಂದ ಬೇಕೆಂದು ಹಂಬಲಿಸಿದ ಕುರ್ಚಿ. ಅಲ್ಲಿಂದ ಇಡೀ ಇಗರ್ಜಿ ಕಾಣುತ್ತದೆ, ಎಲ್ಲರ ಮುಖವೂ ಕಾಣುತ್ತದೆ, ಯಾರು ಯಾರ ಕಿವಿಯಲ್ಲಿ ಏನು ಹೇಳುತ್ತಿದ್ದಾರೆ ಎಂಬುದೂ ಕಾಣುತ್ತದೆ. ನಾನು ಬೆಳಿಗ್ಗೆಯಿಂದ ಸಂತೆ, ಬಸ್ ಸ್ಟ್ಯಾಂಡು ಎಂದು ಓಡಾಡಿ ಬಂದಿದ್ದೆ. ಕಾಲು ತೊಳೆದಿರಲಿಲ್ಲ. ಬಹಳ ವರ್ಷಗಳ ನಂತರ ನಮ್ಮ ಪಾದ್ರಿಗಳಿಗೆ ತೊಳೆಯಲು ಏನೋ ಸಿಕ್ಕಿತು. ಅವರು ಸ್ವಲ್ಪ ಹೆಚ್ಚು ಹೊತ್ತೇ ತೊಳೆದರು. ಹೆಮ್ಮೆಯೂ ಆಗಲಿಲ್ಲ, ದೀನತೆಯೂ ಬರಲಿಲ್ಲ. ನಾಚಿಕೆಯಾಗುತ್ತಿತ್ತು, ಅಷ್ಟೇ. ಹಾಡು ಮತ್ತೆ ಶುರುವಾಯಿತು.

ಪೂಜೆ ಮುಗಿದು ಹೊರಗೆ ಬಂದಾಗ ಈ ಸಲ ಯಾರೂ ಕೈಕುಲುಕಲಿಲ್ಲ. ಇಬ್ಬರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಪಕ್ಕದ ಬಾಗಿಲಿನಿಂದ ಅಲೆಕ್ಸ್ ಬಂದ. ಮೂರು ಗಂಟೆಗೂ ಹೆಚ್ಚು ಹೊತ್ತು ಕೂತು ಸೊಂಟ ಹಿಡಿದಿತ್ತೇನೋ, ವಾಲಿ ನಡೆಯುತ್ತಿದ್ದ.

"ಕಡೆಗೂ ಮೊದಲನೇದು ಹೊಡೆದೆ ನೋಡು" ಎಂದ. ಆಮೇಲೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ದನಿ ತಗ್ಗಿಸಿ, "ಅಲ್ಲಾ ಮಾರಾಯಾ, ನಿಜ ಹೇಳು. ಯಾಕೆ ಹೋಗಿ ಕೂತೆ?" ಎಂದು ಕೇಳಿದ.

"ಫಾದರ್ ಬಟ್ಟೆ ಕಟ್ಟಿಕೊಂಡು ನಿಂತಿದ್ದರು" ಎಂದೆ.

ಅವನು ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಆದರೆ ಅಲೆಕ್ಸ್ ಕೇಳಿಯಾದರೂ ಕೇಳಿದ. ನಾನು ಅಪ್ಪನನ್ನು ಒಂದು ಸಲವೂ ಕೇಳಿರಲಿಲ್ಲ.